ಬೊಕೆ ಅಂದರೆ ಬೊಕ್ಕಿಯಲ್ಲವಂತೆ

ರಂಜಿತಾಳ ಮದುವೆಯ ಆಲ್ಬಮ್ಮನ್ನು ನಾನು ಮಂಚದ ಕೆಳಗೆ ತಳ್ಳಿದ್ದೇನೆ. ಬೀರುವಿನಲ್ಲಿ ಅದಕ್ಕೆ ಜಾಗ ಸಾಲದು, ಮಡಿಲಲ್ಲಿ ಇಟ್ಟುಕೊಂಡರೆ ನನ್ನ ಮೊಣಕಾಲು ತಡೆಯುವುದಿಲ್ಲ. ಊಟದ ಮಣೆಯಷ್ಟು ದಪ್ಪ. ಅದಕ್ಕೊಂದು ವೆಲ್ವೆಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಹಿಡಿ. ಈಗ ಕಸ ಗುಡಿಸುವಾಗ ಪೊರಕೆ ಹೋಗಿ ಆ ಪೆಟ್ಟಿಗೆಗೆ ಬಡಿಯಿತು. ಬಡಿದದ್ದು ಪೆಟ್ಟಿಗೆಗೆ, ಉರಿದದ್ದು ನನ್ನ ಮೈ. ಪೊರಕೆಯನ್ನು ಅಲ್ಲೇ ಬಿಟ್ಟು ಬರೆಯಲು ಕೂತಿದ್ದೇನೆ.

ಮಕ್ಕಳೇ, ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನೀವೆಲ್ಲ ಸೇರಿ ಒಂದು ಪ್ರಶ್ನೆ ಹಾಕಿದಿರಿ. ಚೇತು ದೊಡ್ಡ ಸೆನ್ಸರಿನ ಕ್ಯಾಮೆರಾ ತೆಗೆದುಕೊಳ್ಳಬೇಕೋ ಬೇಡವೋ, ಅಜ್ಜಿ ಹೇಳಲಿ ಅಂತ. ನಾನು ಉತ್ತರ ಬರೆಯಲು ಹೋಗಿ, ಅಕ್ಷರ ಸಿಕ್ಕದೆ, ಕೈ ಮುಗಿಯುವ ಚಿತ್ರ ಒತ್ತಿಬಿಟ್ಟೆ. ಅದನ್ನು ಅಜ್ಜಿಯ ಒಪ್ಪಿಗೆ ಅಂದುಕೊಂಡು ಎಲ್ಲರೂ ಚಪ್ಪಾಳೆ ಕಳಿಸಿದಿರಿ. ಅದು ಒಪ್ಪಿಗೆಯಲ್ಲ. ಸಾಕಪ್ಪಾ ನಿಮ್ಮ ಸಹವಾಸ ಅಂತ ಮುಗಿದ ಕೈ ಅದು. ಎದುರಿಗೆ ಬಂದು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನ ಕೂತಿದ್ದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ, ಅದು ನಿಮಗೆ ಗೊತ್ತು. ಕಾಗದದ ಮೇಲಾದರೆ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಇಷ್ಟು ಜೋರು.

ಸೆನ್ಸರ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮೊದಲ ಸಲ ಕೇಳಿದಾಗ ಸಿನಿಮಾದವರ ಸೆನ್ಸಾರ್ ಅಂದುಕೊಂಡೆ. ಕೊಳ್ಳೇಗಾಲದ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ಒಂದು ಚೀಟಿ ತೋರಿಸುತ್ತಿದ್ದರು. ನಿಮ್ಮ ತಾತ ಅದನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು, ನಾನು ಮುಜುಗರಪಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಬೇಡದ್ದನ್ನು ಕತ್ತರಿಸಿ ಎಸೆಯುವ ಸರ್ಕಾರದವರು ಅವರು ಅಂತ ತಾತನೇ ಹೇಳಿಕೊಟ್ಟದ್ದು. ಮದುವೆ ಫೋಟೋಗೆ ಅವರನ್ನು ಯಾಕೆ ಕರೆಯಬೇಕು, ಅದರಲ್ಲೂ ದೊಡ್ಡವರನ್ನೇ ಯಾಕೆ ಕರೆಯಬೇಕು ಎಂದು ನನಗೆ ಅರ್ಥವಾಗಲಿಲ್ಲ. ಈಗ ಯೋಚಿಸಿದರೆ ನಾನು ಅಂದುಕೊಂಡದ್ದು ಪೂರಾ ತಪ್ಪೇನೂ ಅಲ್ಲ.

ಚೇತು ನನ್ನ ಮಗಳ ಮಗ, ಕೊಳ್ಳೇಗಾಲದಲ್ಲಿ ಅವನದೇ ಸ್ಟುಡಿಯೋ. ಅವನು ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೈಯುವುದು ಬಹಳ ಇದೆ. ಅವನು ಒಂದು ದಿನ ನನ್ನ ಅಡುಗೆಮನೆಗೇ ಬಂದು, ತಟ್ಟೆಯಲ್ಲಿ ಒಂದು ಕಡಲೆಬೇಳೆ, ಒಂದು ಅಂಚೆ ಚೀಟಿ, ಒಂದು ಬಿಸ್ಕತ್ತು ಇಟ್ಟು ಪಾಠ ಮಾಡಿದ. ಕಡಲೆಬೇಳೆ ಅಂದರೆ ನಮ್ಮ ಮೊಬೈಲಿನ ಸೆನ್ಸರ್. ಅಂಚೆ ಚೀಟಿ ಅವನ ಹಳೆಯ ಕ್ಯಾಮೆರಾದ್ದು. ಬಿಸ್ಕತ್ತು ಅವನಿಗೆ ಬೇಕಾದದ್ದು, ಅದರ ಹೆಸರು ಫುಲ್ ಫ್ರೇಮ್.

"ಅಂಗಳ ದೊಡ್ಡದಾದಷ್ಟೂ ಮಳೆ ನೀರು ಜಾಸ್ತಿ ಬೀಳುತ್ತಲ್ಲ ಅಜ್ಜಿ, ಹಾಗೇ ಇದು. ಸೆನ್ಸರ್ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಬೀಳುತ್ತೆ. ಕತ್ತಲಲ್ಲೂ ಫೋಟೋ ನುಣ್ಣಗೆ ಬರುತ್ತೆ. ಆಮೇಲೆ ಹಿಂದಗಡೆ ಇರೋದೆಲ್ಲ ಕರಗಿ ಹೋಗುತ್ತೆ."

"ಕರಗಿ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಮಸುಕಾಗುತ್ತೆ. ಅದೇ ಬ್ಯೂಟಿ."

ನಾನು ಬಿಸ್ಕತ್ತು ಅವನಿಗೆ ತಿನ್ನಲು ಕೊಟ್ಟು, ಕಡಲೆಬೇಳೆಯನ್ನು ಡಬ್ಬಿಗೆ ಹಾಕಿದೆ. ಕರಗುವುದು ಅಂದರೆ ಏನು ಅಂತ ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ರಂಜಿತಾಳ ಮದುವೆಯಲ್ಲಿ. ಆ ಮದುವೆಗೆಂದೇ ಅವನು ಮೈಸೂರಿನಿಂದ ಬಾಡಿಗೆಗೆ ಫುಲ್ ಫ್ರೇಮ್ ತಂದಿದ್ದ.

ಮದುವೆಯ ಮಾತಿಗೆ ಬರುವ ಮುಂಚೆ ನಮ್ಮ ಅಕ್ಕನ ವಿಷಯ ಹೇಳಬೇಕು. ನೀವೆಲ್ಲ ದೊಡ್ಡಜ್ಜಿ ಎಂದು ಕರೆಯುವ ಪುಟ್ಟಮ್ಮ, ಲೊಕ್ಕನಹಳ್ಳಿಯ ಹತ್ತಿರ ಕಾಡಂಚಿನಲ್ಲಿ ಮಗ ಸೊಸೆಯ ಜೊತೆ ಇರುವವಳು. ನಮ್ಮ ತವರು ಯಳಂದೂರಿನ ಪಕ್ಕದ ಹಳ್ಳಿ. ನಾನು ಅಲ್ಲಿಯ ಒಂದೇ ಕೋಣೆಯ ಶಾಲೆಯಲ್ಲಿ ಓದಿದೆ. ಅಕ್ಕ ಓದಲಿಲ್ಲ, ಚಿಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಬೆಳೆದಳು. ಒಂದು ವರ್ಷ ಮೇಷ್ಟರು ಕೊಳ್ಳೇಗಾಲದಿಂದ ಫೋಟೋದವರನ್ನು ಕರೆಸಿದರು. ಆತ ಮೂರು ಕಾಲಿನ ಮೇಲೆ ದೊಡ್ಡ ಮರದ ಪೆಟ್ಟಿಗೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿಕೊಂಡ. ಉಳಿದ ಮಕ್ಕಳೆಲ್ಲ ಕಿಸಕ್ಕೆಂದು ನಕ್ಕರು. ನನಗೆ ಮಾತ್ರ ಆತ ಬಹಳ ಇಷ್ಟವಾದ. ನಾಚಿಕೆಯಾದರೆ ಮುಖ ಮುಚ್ಚಿಕೊಳ್ಳುವವರು ನಮ್ಮ ಪೈಕಿಯವರೇ ಅನಿಸಿತು.

ಅಕ್ಕ ತಮ್ಮನನ್ನು ಹೊತ್ತುಕೊಂಡು ಬೇಲಿಯ ಹತ್ತಿರ ನಿಂತಿದ್ದಳು. ಆತ ಬಟ್ಟೆಯಿಂದ ತಲೆ ಹೊರಗೆ ತೆಗೆದು, "ಏ ಹುಡುಗಿ, ಆ ಕಡೆ ಹೋಗು, ಅಡ್ಡ ಬರ್ತೀಯ" ಎಂದ. ಅವಳು ಬೇಲಿ ದಾಟಿ ಹೋದಳು. ಆ ಫೋಟೋ ಈಗಲೂ ತಮ್ಮನ ಮನೆಯ ಗೋಡೆಯ ಮೇಲಿದೆ. ಉಸಿರು ಹಿಡಿಯಿರಿ ಎಂದದ್ದಕ್ಕೆ ನಾನು ಕೆನ್ನೆ ಉಬ್ಬಿಸಿಕೊಂಡು, ಬಿಟ್ಟರೆ ಸಿಡಿದುಹೋಗುವವಳ ಹಾಗೆ ಕೂತಿದ್ದೇನೆ. ಮುಂದಿನ ಸಾಲು, ಹಿಂದಿನ ಸಾಲು, ಅದರ ಹಿಂದಿನ ಮೇಷ್ಟರು, ಅವರ ಹಿಂದಿನ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದ ಮಗ್ಗಿ, ಎಲ್ಲವನ್ನೂ ಓದಬಹುದು. ಅಕ್ಕ ಮಾತ್ರ ಇಲ್ಲ.

ಅವಳ ಮದುವೆಗೆ ಫೋಟೋದವರು ಬರಲಿಲ್ಲ. ನನ್ನ ಮದುವೆಯಾದ ಮೇಲೆ ನಿಮ್ಮ ತಾತ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಒಂದು ತೆಗೆಸಿದರು. ಹಿಂದೆ ಬಣ್ಣದ ಪರದೆ, ಅದರಲ್ಲಿ ಕೊಳ, ಕೊಳದಲ್ಲಿ ಹಂಸ. ರೇಷ್ಮೆಗೂಡು ಬೇಯಿಸಿ ಬೇಯಿಸಿ ಸುಲಿದುಹೋಗಿದ್ದ ಬೆರಳುಗಳನ್ನು ನಿಮ್ಮ ತಾತ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದಾರೆ. ನಾನು ಕಣ್ಣು ಮುಚ್ಚಿದ್ದೇನೆ. ಹಂಸ ಮಾತ್ರ ನೆಟ್ಟಗೆ ಕ್ಯಾಮೆರಾ ನೋಡುತ್ತಿದೆ. ಅಂತೂ ಮುಚ್ಚಿದ ಕಣ್ಣಿನದಾದರೂ ನನಗೊಂದು ಮುಖ ಸಿಕ್ಕಿತು. ಅಕ್ಕನಿಗೆ ಅದೂ ಸಿಗಲಿಲ್ಲ. ಆಧಾರ್ ಕಾರ್ಡಿನ ಫೋಟೋ ಇದೆಯಲ್ಲ ಅನ್ನಬೇಡಿ. ಅದರಲ್ಲಿ ಅವಳು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಇದ್ದಾಳೆ.

ಪಿತೃಪಕ್ಷದಲ್ಲಿ ತಮ್ಮನ ಮನೆಗೆ ನಾವಿಬ್ಬರೂ ಹೋಗುತ್ತೇವೆ. ಗೋಡೆಗೆ ಒರಗಿಸಿ ಅಪ್ಪನ ಫೋಟೋ ಇಟ್ಟು ಎಡೆ ಹಾಕುತ್ತಾರೆ. ಅವ್ವನ ಫೋಟೋ ಇಲ್ಲ. ಅವ್ವನ ಬದಲಿಗೆ ಒಂದು ತಂಬಿಗೆ. ಅದಕ್ಕೆ ಸೀರೆ ಸುತ್ತಿ, ಮೇಲೆ ಅರಿಶಿನ ಬಳಿದ ತೆಂಗಿನಕಾಯಿ ಇಟ್ಟು, ಅದರ ಮುಂದೆ ಅವ್ವನಿಗೆ ಇಷ್ಟವಾದ ಕಜ್ಜಾಯ ಇಡುತ್ತಾರೆ. ಅವ್ವ ಸತ್ತು ಇಷ್ಟು ಕಾಲವಾಯಿತಲ್ಲ, ಈಗ ಅವಳ ಮುಖ ಅಕ್ಕನಿಗೆ ಒಂದು ಥರ ನೆನಪಿದೆ, ನನಗೆ ಇನ್ನೊಂದು ಥರ. ಅಕ್ಕ ಮೂಗು ಉದ್ದ ಇತ್ತು ಅನ್ನುತ್ತಾಳೆ. ನಾನು ಮೊಂಡು ಅನ್ನುತ್ತೇನೆ. ಪ್ರತಿ ವರ್ಷ ಎಡೆಯ ಮುಂದೆಯೇ ಜಗಳ ಆಗುತ್ತದೆ, ಯಾರು ಗೆದ್ದರೆಂದು ಹೇಳುವವರು ಯಾರೂ ಇಲ್ಲ. ತಮ್ಮನ ಮೊಮ್ಮಕ್ಕಳಿಗೆ ಮುತ್ತಜ್ಜಿ ಅಂದರೆ ತಂಬಿಗೆ.

ಹೋದ ವರ್ಷ ಎಡೆ ತೆಗೆದು ಊಟಕ್ಕೆ ಕೂತಾಗ ಅಕ್ಕ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ನಂಗ ತಂಬಿಗ ಆಗಕ್ಕ ಇಷ್ಟ ಇಲ್ಲ ಕನಮ್ಮಿ."

ಈಗ ಮದುವೆಗೆ ಬರುತ್ತೇನೆ. ರಂಜಿತಾ ನನ್ನ ಮಗನ ಮಗಳು, ಕೊಳ್ಳೇಗಾಲದ ಕಲ್ಯಾಣ ಮಂಟಪದಲ್ಲಿ ಮದುವೆ. ಅಕ್ಕ ಹಿಂದಿನ ದಿನವೇ ಬಂದಳು. ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿ ಬಾಚಿ, ತಿಳಿ ಹಸಿರು ಸೀರೆ ಉಟ್ಟು, ಚೇತುವನ್ನು ಹಿಡಿದು ನಿಲ್ಲಿಸಿದಳು.

"ಲೋ ಮಗ, ನಂದೊಂದ ಚೆಂದಾಗಿ ತಗೀಲಾ. ನಾಳ ಪಕ್ಷಕ್ಕ ಬೇಕಾಯ್ತದ."

"ಆಯ್ತು ದೊಡ್ಡಜ್ಜಿ. ಸ್ಟೇಜ್ ಮೇಲೆ ಎಲ್ರೂ ನಿಲ್ತೀವಲ್ಲ, ಆಗ ಬನ್ನಿ, ತೆಗೀತೀನಿ."

ವೇದಿಕೆಯ ಮೇಲೆ ಫೋಟೋಗೆ ನಿಲ್ಲುವುದು ಹೇಗೆ ಅಂತ ನಿಮಗೆ ಗೊತ್ತು. ಮುತ್ತೈದೆಯರು ಮುಂದೆ ಬನ್ನಿ ಅನ್ನುತ್ತಾರೆ. ನಮ್ಮಂಥವರು ಹಿಂದೆ ಹೋಗಿ ಅಂತ ಯಾರೂ ಅನ್ನುವುದಿಲ್ಲ. ಅನ್ನಬೇಕಾಗಿಯೇ ಇಲ್ಲ. ನಿಮ್ಮ ತಾತ ಹೋದ ಮೇಲೆ ನನ್ನ ಕಾಲು ತಾನಾಗಿಯೇ ಹಿಂದಿನ ಸಾಲಿಗೆ ಹೋಗಲು ಕಲಿತಿದೆ. ಅಕ್ಕನದ್ದೂ ಹಾಗೆಯೇ. ನಾವಿಬ್ಬರೂ ರಂಜಿತಾಳ ಹಿಂದೆ, ಅವಳ ಜಡೆಯ ಪಕ್ಕದಲ್ಲಿ, ಸಂದಿ ಸಿಕ್ಕಲ್ಲಿ ನಿಂತೆವು. ಅಕ್ಕ ಹಿಮ್ಮಡಿ ಎತ್ತಿ ನಿಂತಿದ್ದಳು, ಮುಖ ಕಾಣಲಿ ಅಂತ. ಅಷ್ಟು ಹೊತ್ತು ಹಿಮ್ಮಡಿ ಎತ್ತಿಕೊಂಡಿರಲು ಅವಳು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ನನಗೆ ನೋಯುತ್ತಿತ್ತು, ಆದರೆ ಅವಳು ನಗುತ್ತಿದ್ದಳು. ಹಲ್ಲಿಲ್ಲದ ಬಾಯಿ ತೆರೆದು, ಯಾವ ಸಂಕೋಚವೂ ಇಲ್ಲದೆ.

ಆಲ್ಬಂ ಬಂದಾಗ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಅದಕ್ಕೆಂದೇ ಹನೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಚೇತು ಪೆಟ್ಟಿಗೆ ತೆರೆದು ಆ ಹಲಗೆಯನ್ನು ಅವಳ ಮಡಿಲಲ್ಲಿಟ್ಟು, ತಾನೇ ಒಂದೊಂದು ಹಾಳೆ ತಿರುಗಿಸಿದ. ರಂಜಿತಾಳ ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತಿತ್ತು. ಮೂಗುಬೊಟ್ಟಿನ ಹರಳೊಳಗೆ ಮಂಟಪದ ದೀಪ ಕಾಣುತ್ತಿತ್ತು. ಅಕ್ಕ ಹಾಳೆಯ ಮೇಲೆ ಬಗ್ಗಿ ಹುಡುಕುತ್ತಿದ್ದಳು.

"ಇದ್ರಲ್ಲಿ ನಾನೆಲ್ಲಿದ್ದೀನ್ಲಾ ಮಗ?"

ಚೇತು ಬೆರಳಿಟ್ಟು ತೋರಿಸಿದ. ರಂಜಿತಾಳ ಕಿವಿಯ ಪಕ್ಕದಲ್ಲಿ ತಿಳಿ ಹಸಿರಿನ ಒಂದು ಮುದ್ದೆ. ಅದರ ಪಕ್ಕ ಬೂದುಬಣ್ಣದ ಇನ್ನೊಂದು ಮುದ್ದೆ, ಅದು ನಾನು. ಮೇಲೆ ದೀಪದ ಸರ ದೊಡ್ಡ ದೊಡ್ಡ ಗುಳ್ಳೆಗಳಾಗಿ ತೇಲುತ್ತಿತ್ತು.

"ಹಿಂದಗಡೆ ಎಲ್ಲ ಬೊಕೆ ದೊಡ್ಡಜ್ಜಿ. ನೋಡಿ, ಬೊಕೆ ಎಷ್ಟು ಚೆನ್ನಾಗಿ ಬಂದಿದೆ, ಬೆಣ್ಣೆ ಥರ!"

ಬೊಕೆ ಅಂದರೆ ಮದುವೆಯಲ್ಲಿ ಕೈಗೆ ಕೊಡುವ ಹೂವಿನ ಗೊಂಚಲು ಅಂತ ನನಗೆ ಗೊತ್ತಿತ್ತು. ನಾನು ಹೂವು ಹುಡುಕಿದೆ. ಅಕ್ಕ ಹೂವು ಹುಡುಕಲಿಲ್ಲ. ಅವಳು ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.

"ಏನಂದ್ಲಾ?"

"ಬೊಕೆ ದೊಡ್ಡಜ್ಜಿ. ದೊಡ್ಡ ಸೆನ್ಸರಲ್ಲಿ ಮಾತ್ರ ಇಷ್ಟು ಚೆನ್ನಾಗಿ ಬರೋದು."

"ಹೌದು ಕಣ್ಲಾ, ನಾನು ಬೊಕ್ಕೀನೇ. ಹಲ್ಲೆಲ್ಲ ಉದುರೋಗವೆ, ಬೊಕ್ಕಿ ಆಗಿವ್ನಿ. ಅದ ನನ್ ಮೊಕದ್ ಮ್ಯಾಲೇ ಅಂತೀಯಲ್ಲ, ನಿಂಗ ನಾಚ್ಕ ಆಗಲ್ವಾ? ನನ್ ಬಾಯ ನೋಡಿ ಅಳಿಸಾಕಿದ್ದೀಯ, ಇನ್ನ ಬಾಯಲ್ಲೂ ಬೇರೆ ಯೋಳ್ತೀಯ!"

ಚೇತು ಕಂಗಾಲಾದ. ಅದು ಬೊಕ್ಕಿ ಅಲ್ಲ, ಬೊಕೆ, ಜಪಾನಿನ ಮಾತು, ಮಸುಕು ಅಂತ ಅರ್ಥ ಎಂದು ಹೇಳಲು ಹೋದ. ಮಸುಕು ಎಂದದ್ದಕ್ಕೆ ಇನ್ನೂ ಕೆಟ್ಟಿತು. "ಜಪಾನ್ನೋರ್ಗೂ ಗೊತ್ತಾಯ್ತಾ ನಾನು ಬೊಕ್ಕಿ ಅಂತ?" ಎಂದು ಅಕ್ಕ ಎದ್ದುಬಿಟ್ಟಳು. ಒಳಗೆ ಕುದಿಯುತ್ತಿದ್ದ ಕಾಫಿಗೂ ನಿಲ್ಲಲಿಲ್ಲ. ಬ್ಯಾಗು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು. ನಾನು ಹಿಂದೆ ಹಿಂದೆ ಹೋದೆ. ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದಳು. "ನಮ್ಮವ್ವಂಗಾದ್ರ ತಂಬಿಗ ಅದ. ನಂಗ ಮುದ್ದ."

ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಮನೆಗೆ ಬರುವಷ್ಟರಲ್ಲಿ ಎರಡೂ ಹೋಗಿ ಕೋಪ ಬಂದಿತ್ತು. ಆ ಕೋಪ ಇನ್ನೂ ಇಳಿದಿಲ್ಲ.

ಆಗಲೇ ನೀವು ಗುಂಪಿನಲ್ಲಿ ಪ್ರಶ್ನೆ ಹಾಕಿದ್ದು. ಚೇತುಗೆ ಬಾಡಿಗೆಯದು ಸಾಲದಂತೆ, ಸ್ವಂತದ್ದು ಬೇಕಂತೆ. ಅವನ ಅಪ್ಪ ಬೇಡ ಅಂತ, ಇವನು ಬೇಕು ಅಂತ. ಫುಲ್ ಫ್ರೇಮಿಗಿಂತ ದೊಡ್ಡದೂ ಒಂದಿದೆಯಂತೆ, ಅದನ್ನೇ ತೆಗೆದುಕೋ ಎಂದು ನಿಮ್ಮಲ್ಲೊಬ್ಬರು ಬೆಂಕಿಗೆ ತುಪ್ಪ ಸುರಿದಿರಿ. ಅದಕ್ಕಿಂತ ದೊಡ್ಡದರಲ್ಲಿ ಇನ್ನೇನು ಕರಗಬೇಕು? ಮದುವೆ ಗಂಡೇ ಕರಗಿ ಹೋಗುತ್ತಾನಾ? ಪೂರ್ತಿ ಚೌಕಟ್ಟು ಅಂತ ಹೆಸರಿಟ್ಟುಕೊಂಡು ಅದರಲ್ಲಿ ಒಬ್ಬಳೇ ಒಬ್ಬಳು ಹುಡುಗಿಯನ್ನು ಕೂರಿಸಿ, ಹೆತ್ತವರು, ಹೊತ್ತವರು, ನೆಂಟರು, ಅಡುಗೆಯವರು ಎಲ್ಲರನ್ನೂ ಬೆಣ್ಣೆ ಮಾಡಿಬಿಟ್ಟರೆ ಅದು ಮದುವೆಯ ಫೋಟೋ ಹೇಗಾಗುತ್ತದೆ? ರಂಜಿತಾ ಎಷ್ಟು ಚೆನ್ನಾಗಿದ್ದಾಳೆ ಅಂತ ನಮಗೆ ಗೊತ್ತಿಲ್ಲವೇ? ಅವಳು ದಿನಾ ಕಾಣುತ್ತಾಳೆ. ಮದುವೆಗೆ ಯಾರ್ಯಾರು ಬಂದಿದ್ದರು ಅನ್ನುವುದು ತಾನೇ ನಾಳೆ ನೋಡಬೇಕಾದದ್ದು.

ನನ್ನ ಕೋಪವೆಲ್ಲ ಆ ಬಿಸ್ಕತ್ತಿನ ಮೇಲೇ ಇತ್ತು. ಸೆನ್ಸರ್ ದೊಡ್ಡದಾದಷ್ಟೂ ಜನ ಕರಗುತ್ತಾರೆ, ಆದ್ದರಿಂದ ದೊಡ್ಡದು ಬೇಡವೇ ಬೇಡ, ಅಂತ ಬರೆಯಲು ಹೊರಟಿದ್ದೆ. ಆದರೆ ಬರೆಯುವ ಮುಂಚೆ ನನ್ನ ಶಾಲೆಯ ಫೋಟೋ ನೆನಪಾಯಿತು. ಚೇತುಗೆ ಫೋನು ಮಾಡಿ, ಆ ಮೂರು ಕಾಲಿನ ಪೆಟ್ಟಿಗೆಯೊಳಗೆ ಎಷ್ಟು ದೊಡ್ಡ ಸೆನ್ಸರ್ ಇತ್ತು ಅಂತ ಕೇಳಿದೆ.

"ಅದರಲ್ಲಿ ಸೆನ್ಸರ್ ಇರಲಿಲ್ಲ ಅಜ್ಜಿ. ಗಾಜೋ ಫಿಲ್ಮೋ ಇರ್ತಿತ್ತು. ಅಂಗೈ ಅಗಲ."

"ಅಂದರೆ ನಿನ್ನ ಬಿಸ್ಕತ್ತಿಗಿಂತ ದೊಡ್ಡದು."

"ಬಹಳ ದೊಡ್ಡದು."

"ಮತ್ತೆ ಬಾಗಿಲ ಮೇಲಿನ ಮಗ್ಗಿ ಹೇಗೆ ಕಾಣುತ್ತೆ?"

"ಅಜ್ಜಿ, ಗಿರಾಕಿ ಬಂದ್ರು" ಎಂದು ಫೋನು ಇಟ್ಟ. ಗಿರಾಕಿ ಬಂದಿರಲಿಲ್ಲ. ಬಂದಿದ್ದರೆ ಕುರ್ಚಿ ಎಳೆದ ಸದ್ದು ಕೇಳಿಸುತ್ತಿತ್ತು.

ಎರಡು ದಿನ ಬಿಟ್ಟು ತಾನೇ ಬಂದು, "ಬಾ ಅಜ್ಜಿ, ಲೊಕ್ಕನಹಳ್ಳಿಗೆ ಹೋಗಿ ದೊಡ್ಡಜ್ಜೀದು ಒಂದು ಚೆನ್ನಾಗಿ ತೆಗೆದುಕೊಂಡು ಬರೋಣ" ಎಂದ. ಮತ್ತೆ ಮೈಸೂರಿನಿಂದ ಆ ದೊಡ್ಡ ಕ್ಯಾಮೆರಾವನ್ನೇ ಬಾಡಿಗೆಗೆ ತಂದಿದ್ದ. ಹುಡುಗ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಅಂತ ನಾನೂ ಸ್ವಲ್ಪ ಮೆತ್ತಗಾದೆ. ಬೈಕಿನ ಹಿಂದೆ ಕೂತು ಹನೂರು ದಾಟಿ ಹೋದೆವು. ದಾರಿಯುದ್ದಕ್ಕೂ ಅವನು ಅಕ್ಕನ ಮುಂದೆ ಹೇಗೆ ಮಾತಾಡಬೇಕು ಅಂತ ಅಭ್ಯಾಸ ಮಾಡುತ್ತಿದ್ದ. ಬೊಕೆ ಅನ್ನುವ ಮಾತು ಎತ್ತಬೇಡ ಅಂತ ನಾನು ಹಿಂದಿನಿಂದ ಹೇಳುತ್ತಿದ್ದೆ.

ಅಕ್ಕ ಜಗಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದಳು. ಚೇತುವನ್ನು ನೋಡಿ ಮೊರದಿಂದ ಕಣ್ಣೆತ್ತಲಿಲ್ಲ.

"ಬಂದ್ಯಾ? ಅಳಿಸೋನು."

"ದೊಡ್ಡಜ್ಜಿ, ತಪ್ಪಾಯ್ತು. ನಿಮ್ಮೊಬ್ಬರದೇ ತೆಗೆಯೋಣ ಅಂತ ಬಂದೆ."

"ನಂಗೇನೂ ಬ್ಯಾಡ ಕಣ್ಲಾ. ನಂದ್ ಆಗದ. ಒಳಕ್ಕೋಗಿ ನೋಡು."

ಒಳಗೆ ಹೋದೆವು. ಗೋಡೆಯ ಮೇಲೆ ಭಾವನ ಫೋಟೋ, ಅವರ ಅಪ್ಪನ ಫೋಟೋ, ಅದೇ ಸಾಲಿನಲ್ಲಿ ಮೂರನೆಯದಾಗಿ, ಹೊಸ ಚೌಕಟ್ಟಿನಲ್ಲಿ, ನಮ್ಮ ಅಕ್ಕ. ಸುತ್ತ ಕಾಡಿನ ಮರ. ಪಕ್ಕದಲ್ಲಿ ಹಸುವಿನ ಅರ್ಧ ಮುಖ. ಅಕ್ಕ ನೆಟ್ಟಗೆ ನಮ್ಮನ್ನೇ ನೋಡುತ್ತಾ, ಬಲಗೈಯ ಬೆರಳೆತ್ತಿ, ಬಾಯಿ ಪೂರ್ತಿ ತೆರೆದು ಬೈಯುತ್ತಿದ್ದಾಳೆ. ಹಣೆಯ ನೆರಿಗೆ ಎಣಿಸಬಹುದು. ಸೀರೆಯ ತೇಪೆ ಕಾಣುತ್ತದೆ. ಹಿಂದಿನ ಮರದ ತೊಗಟೆ, ಅದರ ಹಿಂದಿನ ಪೊದೆ, ಪೊದೆಯ ಎಲೆ ಎಲ್ಲವೂ ಕಾಣುತ್ತವೆ. ಮೂಲೆಯಲ್ಲಿ ಏನೇನೋ ಅಂಕಿ ಅಚ್ಚಾಗಿವೆ.

ಸೊಸೆ ಶಿವಮ್ಮ ಅಡುಗೆಮನೆಯಿಂದಲೇ ಶುರು ಮಾಡಿದಳು. "ನೀವಾದ್ರೂ ಯೋಳಿ ಚಿಕ್ಕತ್ತೆ. ಬದುಕಿರೋರ್ದ ಆ ಸಾಲ್ಗ ಹಾಕಬಾರ್ದು ಅಂದ್ರ ಕೇಳಲ್ರು. ಬಂದೋರೆಲ್ಲ ನನ್ನ ನೋಡಿ, ಯಾವಾಗೋದ್ರು ಅಂತಾರ. ಅಲ್ಲೇ ಜಗುಲೀಲಿ ಕುಂತವ್ರಲ್ಲ ಅಂತೀನಿ!"

ಕಥೆ ಹೀಗೆ. ಅಕ್ಕ ದಿನಾ ಹಸು ಹೊಡೆದುಕೊಂಡು ಹೋಗುವ ಕಾಡಂಚಿನ ದಾರಿಯಲ್ಲಿ, ಕಾಡಿನ ಇಲಾಖೆಯವರು ಹುಲಿ ಎಣಿಸಲು ಮರಕ್ಕೊಂದು ಡಬ್ಬಿ ಕಟ್ಟಿದ್ದರು. ಮುಂದೆ ಏನೇ ಹಾದುಹೋದರೂ ತಾನೇ ಫೋಟೋ ತೆಗೆದುಕೊಳ್ಳುವ ಡಬ್ಬಿ ಅದು. ಅಕ್ಕನಿಗೆ ಅದು ಗೊತ್ತಿಲ್ಲ. ಅದರ ಮೂಲಕ ಆಫೀಸಿನಲ್ಲಿ ಕೂತವರು ನೋಡುತ್ತಾರೆ, ಕೇಳುತ್ತಾರೆ ಅಂದುಕೊಂಡಳು. ಸರಿ, ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ದೂರು ಹೇಳಿದಳು. ನಿಮ್ಮ ಆನೆ ಬಂದು ನಮ್ಮ ರಾಗಿ ಹೊಲ ತುಳಿದು ಹೋದವು, ಬಂದು ನೋಡಿ. ನಿಮ್ಮ ಹಂದಿ ಬಂದು ಜೋಳ ಬುಡಮೇಲು ಮಾಡಿದವು, ಬಂದು ನೋಡಿ. ಯಾರೂ ಬರಲಿಲ್ಲ, ದಿನದಿಂದ ದಿನಕ್ಕೆ ಬೈಗುಳ ಬೆಳೆಯಿತು. ಪಕ್ಕದ ಮನೆಯ ಮಾದೇಶ ಅದೇ ಇಲಾಖೆಯಲ್ಲಿ ವಾಚರ್. ಅವನೇ ಬಂದು ಹೇಳಿದನಂತೆ, "ಅವ್ವೋ, ಡಬ್ಬೀಲಿ ಹುಲೀಗಿಂತ ನೀನೇ ಜಾಸ್ತಿ ಇದ್ದೀಯ. ಈ ಹೆಣ್ಣುಲಿ ಯಾವುದಯ್ಯಾ ಅಂತ ಸಾಹೇಬ್ರು ಕೇಳ್ತಾವ್ರೆ." ಮೊಬೈಲಿನಲ್ಲಿ ತೋರಿಸಿದ. ಅಕ್ಕ ನೋಡಿದಳು. ತನ್ನ ಮುಖವನ್ನು ಅಷ್ಟು ನಿಚ್ಚಳವಾಗಿ ಕನ್ನಡಿ ಬಿಟ್ಟು ಬೇರೆಲ್ಲೂ ಅವಳು ನೋಡಿರಲಿಲ್ಲ. ಸಾಹೇಬರು ನಕ್ಕು ಕೊಡಪ್ಪಾ ಎಂದರಂತೆ. ಹನೂರಿನಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ತಾನೇ ಮೊಳೆ ಹೊಡೆದಳು.

ಚೇತು ಬಹಳ ಹೊತ್ತು ಆ ಫೋಟೋ ನೋಡಿದ. ಜಗಲಿಗೆ ಬಂದು ಕೂತಾಗ ಅವನ ಮುಖ ಸಣ್ಣಗಾಗಿತ್ತು.

"ಅದರ ಸೆನ್ಸರ್ ಕಡಲೆಬೇಳೆಯಷ್ಟೇ ಅಜ್ಜಿ. ಅದಕ್ಕೇ ಎಲ್ಲ ಕಾಣಿಸ್ತಿದೆ."

ಅಕ್ಕ ಮೊರ ಕೆಳಗಿಟ್ಟಳು. "ಹಂಗಾರ ದೊಡ್ಡದ್ರಲ್ಲಿ ಹಿಂದಿರೋರು ಬರಾಕೇ ಇಲ್ವಾ?"

ಇವನು ಸುಳ್ಳು ಹೇಳಬಹುದಿತ್ತು. ಬರುವುದಿಲ್ಲ ಎಂದಿದ್ದರೆ ನಾವಿಬ್ಬರೂ ನಂಬಿ, ಆ ಬಿಸ್ಕತ್ತಿಗೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆವು. ಆದರೆ ನಾನು ಮೊದಲೇ ಹೇಳಿದೆನಲ್ಲ, ಒಳ್ಳೆಯ ಹುಡುಗ. ಕ್ಯಾಮೆರಾ ತೆಗೆದು, ಬೆರಳಿಗೆ ಸಿಗುವ ಹಾಗೆ ಇರುವ ಒಂದು ಸಣ್ಣ ಗಾಲಿ ತೋರಿಸಿದ. ಅದರ ಅಂಚಿನಲ್ಲಿ ಹಲ್ಲು ಹಲ್ಲು.

"ಇದಕ್ಕೂ ಹಲ್ಲವೆ, ನಂಗೇ ಇಲ್ಲ" ಎಂದಳು ಅಕ್ಕ.

"ಇದನ್ನ ಈ ಕಡೆ ತಿರುಗಿಸಿದ್ರೆ ಹಿಂದೆ ಇರೋರು ಮಸುಕಾಗ್ತಾರೆ. ಆ ಕಡೆ ತಿರುಗಿಸಿದ್ರೆ, ಎಲ್ರೂ ಬರ್ತಾರೆ. ಬೆಳಕು ಸ್ವಲ್ಪ ಜಾಸ್ತಿ ಬೇಕು, ಒಂದು ದೀಪ ಹಾಕ್ಕೋಬೇಕು, ಅಷ್ಟೇ. ಆ ಹಳೇ ಪೆಟ್ಟಿಗೆಯವರೂ ಹಾಗೇ ಮಾಡ್ತಿದ್ರು."

"ನಮ್ ಮದ್ವೇಲಿ ದೀಪ ಇರ್ನಿಲ್ವಾ?"

"ಇತ್ತು."

"ಮತ್ಯಾಕ್ಲಾ ತಿರುಗಿಸ್ನಿಲ್ಲ?"

ಹೊಳೆಯಲಿಲ್ಲ ದೊಡ್ಡಜ್ಜಿ, ಎಂದ ಚೇತು ಗಾಲಿಯನ್ನೇ ನೋಡುತ್ತಾ. ರಂಜು ಚೆನ್ನಾಗಿ ಬರಲಿ ಅಂತ ಅಷ್ಟೇ ನೋಡಿದೆ, ಎಂದ.

ಆಗ ನನಗೆ ಬಂದ ಕೋಪದ ಮುಂದೆ ಅಲ್ಲಿಯವರೆಗೆ ಬಂದಿದ್ದ ಕೋಪ ಏನೂ ಅಲ್ಲ. ಇಷ್ಟು ದಿನ ಆ ಬಡಪಾಯಿ ಬಿಸ್ಕತ್ತನ್ನು ಬೈದೆನಲ್ಲ! ಅದರ ತಪ್ಪೇನಿದೆ? ಅದು ಬೆಳಕು ಬಿದ್ದರೆ ಹಿಡಿಯುತ್ತದೆ, ನಿಮ್ಮ ಬೆರಳು ಹೇಳಿದ ಹಾಗೆ ಹಿಡಿಯುತ್ತದೆ. ಕೈಗೆಟುಕುವ ಒಂದು ಗಾಲಿ. ನಮ್ಮನ್ನು ಇಟ್ಟುಕೊಳ್ಳುವುದಕ್ಕೂ ತೆಗೆದುಹಾಕುವುದಕ್ಕೂ ಅಷ್ಟೇ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ ಅನ್ನುತ್ತೀರಿ. ಶಾಲೆಯ ಫೋಟೋದವನಾದರೂ "ಆ ಕಡೆ ಹೋಗು" ಎಂದು ಬಾಯಿ ಬಿಟ್ಟು ಹೇಳಿದ, ಅಕ್ಕ ಬೇಲಿ ದಾಟಿ ಹೋಗುವಾಗ ಯಾಕೆ ಹೋಗುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು. ಇಲ್ಲಿ ಅವಳು ಹಿಮ್ಮಡಿ ಎತ್ತಿ, ನಗುತ್ತಾ ನಿಂತಿದ್ದಳಲ್ಲ. ಬನ್ನಿ ಎಂದು ಕರೆದು ನಿಲ್ಲಿಸಿಕೊಂಡು ಹೊಳೆಯಲಿಲ್ಲ ಅನ್ನುವುದು ಅದಕ್ಕಿಂತ ಕೆಟ್ಟದ್ದು.

ಇದನ್ನೆಲ್ಲ ಆ ಹೊತ್ತು ನಾನು ಹೇಳಲಿಲ್ಲ, ಯಥಾಪ್ರಕಾರ ಸೆರಗಿನ ತುದಿ ಸುತ್ತುತ್ತಾ ಕೂತಿದ್ದೆ. ಚೇತು ಪ್ರಾಯಶ್ಚಿತ್ತ ಮಾಡಿಕೊಳ್ಳುವವನ ಹಾಗೆ, "ದೊಡ್ಡಜ್ಜಿ, ಆ ಗೋಡೆ ಫೋಟೋನೇ ಕಂಪ್ಯೂಟರಲ್ಲಿ ಸರಿ ಮಾಡಿಕೊಡ್ತೀನಿ. ಬಾಯಿ ಮುಚ್ಚಿಸಿ, ಕೈ ಇಳಿಸಿ, ಒಂದು ನಗು ಇಡಬಹುದು. ಯಾರಿಗೂ ಗೊತ್ತಾಗಲ್ಲ" ಎಂದ.

"ಬಾಯ್ ಮುಚ್ಚುದ್ರ ಅದು ನಾನೆಂಗಾದೇನ್ಲಾ?" ಎಂದಳು ಅಕ್ಕ. "ಪಕ್ಷದಲ್ಲಿ ಎಡ ಇಡುವಾಗ ನಿಮ್ ಮಕ್ಳು ಮರಿ ನೋಡ್ಲಿ. ಉಪ್ಪು ಕಮ್ಮಿ ಆದ್ರ ಬೈತಾಳ ಅಂತ ಗೊತ್ತಾಗ್ಲಿ."

ಶಿವಮ್ಮ ಒಳಗಿನಿಂದ, "ಈಗ್ಲೂ ಬೈತಾನೇ ಅವ್ರೆ" ಎಂದಳು. ಅಕ್ಕ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ನಂದಾಯ್ತು. ಇವಳ್ದ ತಗೀಲಾ. ಇವಳ್ದೂ ಒಂದೂ ನೆಟ್ಟಗಿಲ್ಲ" ಎಂದಳು. ಚೇತು ಕ್ಯಾಮೆರಾ ಎತ್ತಿದ. ನಾನು ಎದ್ದು, ನೀರು ಕುಡಿದು ಬರುತ್ತೇನೆ ಅಂತ ಹಿತ್ತಲಿಗೆ ಹೋಗಿ, ಅವನು ಕ್ಯಾಮೆರಾ ಚೀಲಕ್ಕೆ ಹಾಕುವವರೆಗೆ ಹಸುವಿನ ಹತ್ತಿರವೇ ನಿಂತಿದ್ದೆ.

ಆದ್ದರಿಂದ ನನ್ನ ಉತ್ತರ ಬರೆದುಕೊಳ್ಳಿ. ಚೇತು ದೊಡ್ಡ ಸೆನ್ಸರ್ ತೆಗೆದುಕೊಳ್ಳಲಿ, ಚಿಕ್ಕದು ತೆಗೆದುಕೊಳ್ಳಲಿ, ಬಿಸ್ಕತ್ತಾಗಲಿ, ಬೇಳೆಯಾಗಲಿ, ಅದರಿಂದ ನನಗೆ ಆಗಬೇಕಾದದ್ದೇನೂ ಇಲ್ಲ. ಮುಂದೆ ನಿಮ್ಮಲ್ಲಿ ಒಬ್ಬೊಬ್ಬರ ಮದುವೆಯೂ ಆಗುತ್ತದೆ, ನಾನು ಬರುತ್ತೇನೆ. ಅಜ್ಜಿ ಮುಂದೆ ಬನ್ನಿ, ಮುಂದೆ ಬನ್ನಿ ಅಂತ ಎಲ್ಲರ ಎದುರಿಗೆ ಕೂಗಿ ನನ್ನನ್ನು ಸಾಯಿಸಬೇಡಿ. ನನ್ನ ಕಾಲು ಈ ವಯಸ್ಸಿನಲ್ಲಿ ಹೊಸದು ಕಲಿಯುವುದಿಲ್ಲ. ನಾನು ಹಿಂದಿನ ಸಾಲಿನಲ್ಲೇ, ಸಂದಿ ಸಿಕ್ಕಲ್ಲಿ ನಿಲ್ಲುತ್ತೇನೆ, ಕಣ್ಣು ತೆರೆದುಕೊಂಡು ನಿಲ್ಲುತ್ತೇನೆ. ಗಾಲಿ ತಿರುಗಿಸುವವರು ನೀವು.